ಬೆಂಕಿಪುರದ ಕುಲುಮೆಯೂ ದುಡಿಮೆಯ ಗೌರವವೂ

೧

ಶಿವಮೊಗ್ಗ ಜಿಲ್ಲೆಯ ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದಿತು. ವಂಕಿಯೆಂಬ ಋಷಿಯ ಹೆಸರಿನಿಂದ ವಂಕಿಪುರವಾಗಿ, ಅದೇ ಕಾಲಕ್ರಮದಲ್ಲಿ ಬೆಂಕಿಪುರವಾಯಿತೆಂದು ಸ್ಥಳದ ಐತಿಹ್ಯವು ಹೇಳುತ್ತದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ನಡುವಿರಿಸಿಕೊಂಡು ಭದ್ರಾನದಿಯ ತೀರದಲ್ಲಿ ಬೆಳೆದ ಈ ಹಳೆಯ ಊರಿನ ಮಗ್ಗುಲಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕಬ್ಬಿಣದ ಕಾರ್ಖಾನೆಯೊಂದು ಎದ್ದಿತು. ಕಾರ್ಖಾನೆಯನ್ನು ಅನುಸರಿಸಿ ಅದರ ನೌಕರರಿಗಾಗಿ ಹೊಸ ವಸತಿಯೊಂದು ಹುಟ್ಟಿತು. ಅದನ್ನೇ ಜನರು ನ್ಯೂ ಟೌನ್ ಎಂದು ಕರೆಯುತ್ತಾರೆ.

ಈ ಕಾರ್ಖಾನೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅರಸರ ಔದಾರ್ಯವನ್ನೂ ದಿವಾನರ ದೂರದೃಷ್ಟಿಯನ್ನೂ ಕಬ್ಬಿಣದ ತೂಕವನ್ನೂ ಹೇಳಿ ಮುಗಿಸುವುದುಂಟು. ಅವೆಲ್ಲವೂ ಹೇಳತಕ್ಕ ಸಂಗತಿಗಳೇ. ಆದರೆ ಬೆಂಕಿಯ ಮುಂದೆ ನಿಂತವರ, ಇದ್ದಿಲು ಹೊತ್ತವರ, ಕಾಡಿನಲ್ಲಿ ಸೌದೆ ಕಡಿದವರ ಕಡೆಯಿಂದಲೂ ಅದೇ ಚರಿತ್ರೆಯನ್ನು ನೋಡಬಹುದು. ಹಾಗೆ ನೋಡಿದಾಗ ಒಂದು ಪ್ರಶ್ನೆ ಮುಂದೆ ಬರುತ್ತದೆ. ಕಷ್ಟವಾದುದೂ ಲೋಕದ ಕಣ್ಣಿನಲ್ಲಿ ಹಗುರವಾದುದೂ ಆದ ಕೆಲಸಕ್ಕೆ ಗೌರವವು ಯಾವುದರಿಂದ ಬರುತ್ತದೆ? ಹೊಗಳಿಕೆಯಿಂದಲೋ, ಏರ್ಪಾಡಿನಿಂದಲೋ? ಈ ಪ್ರಶ್ನೆಗೆ ಬೆಂಕಿಪುರದ ನೂರು ವರ್ಷಗಳು ಏನು ಉತ್ತರ ಕೊಡುತ್ತವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಮಾತುಗಳನ್ನೇ ಗಮನಿಸಬಹುದು. ಒಂದು ಸಮಾಜವು ದುಡಿಮೆಯನ್ನು ಹೇಗೆ ಕಂಡಿತೆಂಬುದಕ್ಕೆ ಅದರ ಶಬ್ದಕೋಶಕ್ಕಿಂತ ನಂಬತಕ್ಕ ಸಾಕ್ಷಿ ದೊರೆಯುವುದು ಅಪೂರ್ವ. ಶಾಸನಗಳಲ್ಲಿಯೂ ಹಳಗನ್ನಡ ಕಾವ್ಯಗಳಲ್ಲಿಯೂ 'ಜೀವಿತ'ವೆಂದರೆ ಸೇವೆಗೆ ಪ್ರತಿಯಾಗಿ ದೊರೆಯುವ ವೃತ್ತಿ, ಸಂಬಳ. ಒಡೆಯನ ಜೀವಿತವನ್ನುಂಡು ಅವನಿಗಾಗಿ ಪ್ರಾಣ ಕೊಡುವುದು ವೀರನಿಗೆ ಭೂಷಣವಾಗಿದ್ದಿತು. ಅದೇ ಮಾತು ತದ್ಭವವಾಗಿ 'ಜೀತ'ವಾದ ಮೇಲೆ ಸಾಲಕ್ಕೆ ಸಿಕ್ಕಿ ಬಿಡಿಸಿಕೊಳ್ಳಲಾರದವನ ದುಡಿಮೆಗೆ ಹೆಸರಾಯಿತು. ಸಂಸ್ಕೃತದ 'ವಿಷ್ಟಿ'ಯಿಂದ ಬಂದ 'ಬಿಟ್ಟಿ' ಬಲವಂತದಿಂದ ಮಾಡಿಸಿಕೊಂಡ ಕೆಲಸವನ್ನು ಸೂಚಿಸುತ್ತಿದ್ದುದು, ಇಂದು ಬೆಲೆಯಿಲ್ಲದೆ ದೊರೆಯುವ ಎಲ್ಲಕ್ಕೂ ಸಲ್ಲುತ್ತದೆ. 'ಕೂಲಿ'ಯೆಂದರೆ ಮೊದಲು ಕೆಲಸದ ಪ್ರತಿಫಲ ಮಾತ್ರ; ಬರಬರುತ್ತ ಪ್ರತಿಫಲವನ್ನು ಪಡೆಯುವ ಮನುಷ್ಯನನ್ನೇ ಆ ಮಾತಿನಿಂದ ಕರೆಯುವುದು ವಾಡಿಕೆಯಾಯಿತು. ಮನುಷ್ಯನು ತಾನು ಪಡೆಯುವ ಹಣದ ಹೆಸರಿನಲ್ಲಿ ಅಡಗಿಹೋದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಇದಕ್ಕೆ ಎದುರಾಗಿ ಹನ್ನೆರಡನೆಯ ಶತಮಾನದ ಶರಣರು 'ಕಾಯಕ'ವೆಂಬ ಮಾತನ್ನು ನಿಲ್ಲಿಸಿದರು. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚೆಲ್ಲಿದ ಅಕ್ಕಿಯನ್ನು ಆಯುವ ಮಾರಯ್ಯ ಮತ್ತು ಲಕ್ಕಮ್ಮ ಇವರೆಲ್ಲರೂ ತಮ್ಮ ವೃತ್ತಿಯನ್ನು ಹೆಸರಿನ ಹಿಂದೆ ಇಟ್ಟುಕೊಂಡೇ ಪೂಜ್ಯರಾದರು. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳೆಂಬ ಕಥೆ ಅಧ್ಯಾಪಕರೆಲ್ಲರೂ ಪಾಠ ಹೇಳಿರುವುದೇ. ಆದರೆ ಕಾಯಕದ ತತ್ತ್ವವು ತನ್ನ ಕೆಲಸಕ್ಕೆ ತಾನೇ ಒಡೆಯನಾದವನ ತತ್ತ್ವವೆಂಬುದನ್ನು ಮರೆಯಲಾಗದು. ಲಕ್ಕಮ್ಮನು ಸಾಕೆಂದು ಹೇಳಬಲ್ಲವಳಾಗಿದ್ದಳು. ಸಾಕೆನ್ನುವ ಸ್ವಾತಂತ್ರ್ಯವಿಲ್ಲದವನಿಗೆ, ಬೇರೊಬ್ಬರು ಗೊತ್ತುಮಾಡಿದ ಹೊತ್ತಿನಲ್ಲಿ ಬೇರೊಬ್ಬರ ಬೆಂಕಿಯ ಮುಂದೆ ನಿಲ್ಲುವವನಿಗೆ, ಈ ತತ್ತ್ವವೊಂದೇ ಹೇಗೆ ಆಸರೆಯಾದೀತು? ಕಾರ್ಖಾನೆಯ ಕಾಲವು ಹುಟ್ಟಿಸಿದ ಹೊಸ ಸಮಸ್ಯೆ ಇದು.

೩

ಕಾರ್ಖಾನೆ ಬರುವುದಕ್ಕೆ ಮುನ್ನ ಮಲೆನಾಡಿನ ದುಡಿಮೆ ಹೇಗಿದ್ದಿತೆಂಬುದಕ್ಕೆ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (೧೯೩೬) ಉತ್ತಮವಾದ ಸಾಮಾಜಿಕ ದಾಖಲೆ. ಅಲ್ಲಿ ಮನೆತನಕ್ಕೆ ಅಂಟಿಕೊಂಡ ಬೇಲರ ಆಳುಗಳಿದ್ದಾರೆ. ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುವ ಸೇರೆಗಾರನೂ ಇದ್ದಾನೆ. ಸೇರೆಗಾರನು ಮುಂಗಡ ಹಣವನ್ನು ಕೊಟ್ಟು ಆಳುಗಳನ್ನು ಘಟ್ಟ ಹತ್ತಿಸುತ್ತಿದ್ದನು. ಅಡಕೆಯ ತೋಟದಲ್ಲಿಯೋ ಕಾಫಿಯ ತೋಟದಲ್ಲಿಯೋ ಅವರು ದುಡಿದು ಮಳೆಗಾಲಕ್ಕೆ ಊರಿಗೆ ಮರಳುತ್ತಿದ್ದರು. ಮುಂಗಡ ತೀರದಿದ್ದರೆ ಮತ್ತೆ ಬರಲೇಬೇಕು. ತೋಟದ ಒಡೆಯನಿಗೆ ಆಳಿನ ಪರಿಚಯವು ಸೇರೆಗಾರನ ಮೂಲಕವೇ. ಆಳಿಗೆ ಒಡೆಯನ ಪರಿಚಯವೂ ಹಾಗೆಯೇ. ನಡುವಿನವನ ಕೈಯಲ್ಲಿ ಕೂಲಿಯೂ ಇರುತ್ತಿದ್ದಿತು, ಮಾನವೂ ಇರುತ್ತಿದ್ದಿತು. ಇದರ ಮೇಲೆ ಮಲೆನಾಡಿನ ಚಳಿಜ್ವರ. ಹೊರಗಿನಿಂದ ಬಂದವರು ಇಲ್ಲಿ ನೆಲೆ ನಿಲ್ಲಲು ಅಂಜುತ್ತಿದ್ದುದಕ್ಕೆ ಅದೇ ದೊಡ್ಡ ಕಾರಣ.

ಕಬ್ಬಿಣದ ಕೆಲಸವಾದರೂ ಈ ನಾಡಿಗೆ ಹೊಸದಲ್ಲ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಲವೆಡೆ ಕಬ್ಬಿಣ ಕರಗಿಸುವ ಮಣ್ಣಿನ ಕುಲುಮೆಗಳನ್ನು ಕಂಡು ಅವುಗಳ ರೀತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಕುಲುಮೆಯು ಚಿಕ್ಕದು. ಒಂದು ಸಲ ಕಬ್ಬಿಣದ ಮುದ್ದೆಯನ್ನು ತೆಗೆದ ಮೇಲೆ ಅದು ಆರುತ್ತಿದ್ದಿತು. ತಿದಿಯೊತ್ತುವವನೂ ಕುಳಿತು ದಣಿವಾರಿಸಿಕೊಳ್ಳುತ್ತಿದ್ದನು. ಬೆಂಕಿಪುರಕ್ಕೆ ಬಂದ ಕುಲುಮೆ ಬೇರೆ ಜಾತಿಯದು.

೪

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ ಕೊನೆಯಲ್ಲಿ, ಅಂದರೆ ೧೯೧೮ರಲ್ಲಿ, ಈ ಕಾರ್ಖಾನೆಗೆ ಅಂಕುರಾರ್ಪಣವಾಯಿತು. ೧೯೨೩ರ ಜನವರಿಯಲ್ಲಿ ಕೆಲಸ ಆರಂಭವಾಯಿತು. ಕಲ್ಲಿದ್ದಲು ದೂರವಾದುದರಿಂದ ಇಲ್ಲಿ ಮರದ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸುವುದೆಂದು ನಿಶ್ಚಯವಾಯಿತು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲನ್ನು ಪಡೆಯುವುದರ ಜೊತೆಗೆ, ಹೊಗೆಯಾಗಿ ಹಾಳಾಗತಕ್ಕ ಸಾರದಿಂದ ಮದ್ಯಸಾರವನ್ನೂ ಟಾರನ್ನೂ ತೆಗೆಯುವ ಯಂತ್ರಗಳನ್ನು ಕೂಡಿಸಿದರು. ಅದುರು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಹಗ್ಗದ ದಾರಿಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಕಿರುರೈಲಿನಲ್ಲಿ ಬರುತ್ತಿದ್ದಿತು. ೧೮೯೯ರಲ್ಲಿಯೇ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲುದಾರಿಯಾಗಿದ್ದುದು ಸರಕಿನ ಸಾಗಾಣಿಕೆಗೆ ಅನುಕೂಲವಾಯಿತು.

ಊದುಕುಲುಮೆಯ ಮುಖ್ಯ ಧರ್ಮವೆಂದರೆ ಅದನ್ನು ಆರಿಸಲಾಗದು. ಮೇಲಿನಿಂದ ಅದುರು, ಇದ್ದಿಲು, ಸುಣ್ಣಕಲ್ಲುಗಳು ಹಗಲಿರುಳು ಬೀಳುತ್ತಿರಬೇಕು. ಕೆಳಗಿನಿಂದ ಕಾದ ಗಾಳಿ ಊದುತ್ತಿರಬೇಕು. ಹೊತ್ತಿಗೆ ಸರಿಯಾಗಿ ಬಾಯಿ ತೆರೆದು ಕರಗಿದ ಕಬ್ಬಿಣವನ್ನು ಹರಿಯಬಿಡಬೇಕು. ಒಳಗಿನ ರಸವು ಹೆಪ್ಪುಗಟ್ಟಿದರೆ ಕುಲುಮೆಯೇ ಕೆಡುತ್ತದೆ. ಹಬ್ಬವೆಂದಾಗಲಿ ಮಳೆಯೆಂದಾಗಲಿ ಅದು ಕಾಯುವುದಿಲ್ಲ. ಹೀಗಾಗಿ ಮುಂಗಾರಿಗೆ ಊರಿಗೆ ಹೊರಡುವ ಆಳಿನಿಂದ ಈ ಕೆಲಸ ನಡೆಯತಕ್ಕುದಲ್ಲ. ಪಾಳಿಯ ಹೊತ್ತಿಗೆ ಬಂದು ನಿಲ್ಲುವವನು, ರಸದ ಬಣ್ಣವನ್ನು ನೋಡಿ ಒಳಗಿನ ಸ್ಥಿತಿಯನ್ನು ತಿಳಿಯುವವನು, ವರ್ಷವರ್ಷಕ್ಕೆ ಅನುಭವ ಹೆಚ್ಚಿದವನು ಬೇಕು. ಅಂಥವನು ಕಾರ್ಖಾನೆಗೆ ಹತ್ತಿರದಲ್ಲಿಯೇ ಸಂಸಾರ ಸಮೇತನಾಗಿ ನೆಲೆಸಬೇಕು. ಜ್ವರದ ಸೀಮೆಯಲ್ಲಿ ಸಂಸಾರ ನೆಲೆಸಬೇಕಾದರೆ ಒಳ್ಳೆಯ ಮನೆ, ನೀರು, ಚರಂಡಿ, ಆಸ್ಪತ್ರೆ, ಮಕ್ಕಳಿಗೆ ಶಾಲೆ ಇವು ಇರಲೇಬೇಕು.

ನ್ಯೂ ಟೌನಿನ ಹುಟ್ಟನ್ನು ಈ ಹಿನ್ನೆಲೆಯಲ್ಲಿ ಅರಿಯುವುದು ಯುಕ್ತ. ಅದನ್ನು ಆಡಳಿತದವರ ದಯೆಯ ಫಲವೆಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. ಆರದ ಬೆಂಕಿಗೆ ಅಲುಗದ ಮನುಷ್ಯನು ಬೇಕಾದನು. ಅವನನ್ನು ನಿಲ್ಲಿಸಿಕೊಳ್ಳುವುದಕ್ಕೆ ಊರು ಬೇಕಾಯಿತು. ಹಾಗೆಂದು ಇದನ್ನು ಬರಿಯ ಸ್ವಾರ್ಥವೆನ್ನುವುದೂ ಸಲ್ಲದು. ಸೇರೆಗಾರನ ಆಳಿಗೂ ನ್ಯೂ ಟೌನಿನ ನೌಕರನಿಗೂ ಇದ್ದ ಅಂತರವು ಸಣ್ಣದಲ್ಲ. ಎರಡನೆಯವನ ಹೆಸರು ಪಟ್ಟಿಯಲ್ಲಿದ್ದಿತು; ಅವನ ಸಂಬಳ ಅವನ ಕೈಗೇ ಬರುತ್ತಿದ್ದಿತು; ಕಾಯಿಲೆಯಾದರೆ ಹೋಗತಕ್ಕ ಬಾಗಿಲೊಂದಿದ್ದಿತು. ಮೈಬಣ್ಣ ಮಸಿಯಾಗುವ ಕೆಲಸ ಮಾಡಿದವನು ಮನೆಗೆ ಬಂದು ನಲ್ಲಿಯ ನೀರಿನಲ್ಲಿ ಮಿಂದು, ಮಗನನ್ನು ಶಾಲೆಗೆ ಕಳುಹಿಸಬಲ್ಲವನಾದನು. ಗೌರವವೆಂಬ ದೊಡ್ಡ ಮಾತಿಗೆ ಇಂಥ ಚಿಕ್ಕ ಸಂಗತಿಗಳೇ ಬುನಾದಿ.

೫

ಕಾರ್ಖಾನೆಯ ಆರಂಭದ ವರ್ಷಗಳು ಸುಖದವಲ್ಲ. ಮಹಾಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದಿದ್ದಿತು, ನಷ್ಟವಾಗುತ್ತಿದ್ದಿತು. ೧೯೨೩ರಿಂದ ೧೯೨೯ರ ವರೆಗೆ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಅದನ್ನು ಸುಸ್ಥಿತಿಗೆ ತಂದರು. ವಿದೇಶದ ತಜ್ಞರ ಸ್ಥಾನದಲ್ಲಿ ಈ ದೇಶದವರನ್ನೇ ತರಬೇತುಗೊಳಿಸಿ ನಿಲ್ಲಿಸಿದುದು ಅವರ ಮುಖ್ಯ ಕಾರ್ಯಗಳಲ್ಲಿ ಒಂದು. ನಮ್ಮವರ ಕೈಗೆ ಈ ಕೆಲಸ ಬಾರದೆಂಬ ಮಾತಿಗೆ ಅದು ಉತ್ತರವಾಯಿತು.

ಆ ಹುದ್ದೆಗಾಗಿ ಅವರು ಆಗ ಸಂಬಳ ಪಡೆಯಲಿಲ್ಲ. ಮುಂದೆ ಅದರ ಬಾಬಿಗೆ ಸಲ್ಲಬೇಕಾಗಿದ್ದ, ಲಕ್ಷ ರೂಪಾಯಿಗಳಿಗೂ ಮೀರಿದ ಹಣವನ್ನು ಹುಡುಗರಿಗೆ ಕೈಕಸುಬುಗಳನ್ನು ಕಲಿಸುವ ಸಂಸ್ಥೆಗೆ ಬಳಸಬೇಕೆಂದು ಅವರು ಕೇಳಿಕೊಂಡರು. ೧೯೪೩ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರರ ಹೆಸರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆ ಸ್ಥಾಪಿತವಾದುದು ಹೀಗೆ. ತ್ಯಾಗದ ದೃಷ್ಟಾಂತವೆಂದು ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಇದರಲ್ಲಿ ಇನ್ನೊಂದು ಅರ್ಥವೂ ಉಂಟು. ಯಂತ್ರದ ಮುಂದೆ ನಿಲ್ಲುವ ಕೆಲಸವನ್ನು ಶಾಲೆಯಲ್ಲಿ ಕಲಿಯತಕ್ಕ ವಿದ್ಯೆಯೆಂದು ಒಪ್ಪಿಕೊಂಡಂತಾಯಿತು. ಕಲಿಯಬೇಕಾದ ಕೆಲಸವನ್ನು ಲೋಕವು ಹಗುರವೆಂದು ಬಗೆಯುವುದು ಕಷ್ಟ. ಹೊಗಳಿಕೆಯಿಂದ ಆಗದುದು ಪಾಠಪಟ್ಟಿಯಿಂದ ಆಗುತ್ತದೆ.

೬

ಇಲ್ಲಿಯ ವರೆಗೆ ಹೇಳಿದುದು ಗೋಡೆಯ ಒಳಗಿನ ಮಾತು. ಊದುಕುಲುಮೆಯ ಹಸಿವು ಗೋಡೆಯ ಹೊರಗೆ ಬಹುದೂರ ಹಬ್ಬಿದ್ದಿತು. ಇದ್ದಿಲಿಗೆ ಬೇಕಾದ ಸೌದೆಯನ್ನು ಕಾಡಿನಲ್ಲಿ ಕಡಿಯುವವರು, ಹೊರುವವರು, ಗಣಿಯಲ್ಲಿ ಅದುರು ಅಗೆಯುವವರು ಇಲ್ಲದೆ ಒಂದು ದಿನವೂ ಕಬ್ಬಿಣ ಹರಿಯುತ್ತಿರಲಿಲ್ಲ. ಆದರೆ ಅವರ ಕೆಲಸವು ಪಾಳಿಗೆ ಕಟ್ಟುಬಿದ್ದುದಲ್ಲ. ಒಬ್ಬನು ಹೋದರೆ ಇನ್ನೊಬ್ಬನನ್ನು ತರಬಹುದೆಂದು ಎಣಿಸತಕ್ಕುದು. ಆದುದರಿಂದ ಅವರನ್ನು ನಿಲ್ಲಿಸಿಕೊಳ್ಳುವ ಒತ್ತಾಯ ಕುಲುಮೆಗಿರಲಿಲ್ಲ. ಊರನ್ನು ಕಟ್ಟಿಸಿದ ತರ್ಕವೇ ಅವರನ್ನು ಊರಿನ ಹೊರಗೆ ಬಿಟ್ಟಿತು. ಅವಶ್ಯಕತೆಯಿಂದ ಹುಟ್ಟಿದ ಗೌರವಕ್ಕೆ ಇರುವ ದೋಷವಿದು: ಅವಶ್ಯಕತೆ ಎಲ್ಲಿ ನಿಲ್ಲುವುದೋ ಅಲ್ಲಿಗೆ ಗೌರವವೂ ನಿಲ್ಲುತ್ತದೆ.

ಅದೇ ಸಂಸ್ಥಾನದ ಇನ್ನೊಂದು ತುದಿಯಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ೧೯೩೦ರಲ್ಲಿ ನಡೆದ ಮುಷ್ಕರವನ್ನು ಇದರೊಡನೆ ಹೋಲಿಸಬಹುದು. ಕೆಲಸಗಾರರನ್ನು ದಾಖಲೆ ಮಾಡಿ ಬೆರಳಚ್ಚು ತೆಗೆದುಕೊಳ್ಳಬೇಕೆಂದು ಅಲ್ಲಿಯ ಆಡಳಿತದವರು ಹೊರಟಾಗ, ನೆಲದಡಿಯ ಕಷ್ಟವನ್ನೆಲ್ಲ ಸಹಿಸಿದ್ದ ಜನರು ಇದನ್ನು ಸಹಿಸದೆ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಆ ಕ್ರಮವು ಹಿಂದೆಗೆಯಲ್ಪಟ್ಟಿತು. ಅಪರಾಧಿಗಳಿಗೆ ಸಲ್ಲುವ ಗುರುತನ್ನು ದುಡಿಯುವವನ ಮೇಲೆ ಒತ್ತುವುದು ಅವರಿಗೆ ಅವಮಾನವಾಗಿ ಕಂಡಿತು. ಇದರಿಂದ ತಿಳಿಯುವುದೇನೆಂದರೆ, ಹೆಸರನ್ನು ಪಟ್ಟಿಗೆ ಸೇರಿಸುವುದು ತಾನಾಗಿಯೇ ಮಾನವನ್ನು ಕೊಡುವುದಿಲ್ಲ. ಹಕ್ಕುಗಳನ್ನು ಕೊಡುವುದಕ್ಕಾಗಿ ಬರೆದ ಹೆಸರು ಬೇರೆ. ಸಂಶಯದಿಂದ ಬರೆದ ಹೆಸರು ಬೇರೆ.

೭

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೩೬ರಲ್ಲಿ ಉಕ್ಕಿನ ವಿಭಾಗವೂ ೧೯೩೮ರಲ್ಲಿ ಸಿಮೆಂಟಿನ ವಿಭಾಗವೂ ಸೇರಿದುವು. ನೆರೆಯಲ್ಲಿ ಕಾಗದದ ಕಾರ್ಖಾನೆ ಬಂದು ಕಾಗದನಗರವೆಂಬ ಇನ್ನೊಂದು ವಸತಿ ಎದ್ದಿತು. ೧೯೪೮ರ ಕಾರ್ಖಾನೆಗಳ ಕಾನೂನು ದುಡಿಮೆಯ ಹೊತ್ತನ್ನೂ ಕ್ಷೇಮದ ಏರ್ಪಾಡುಗಳನ್ನೂ ದೇಶಕ್ಕೆಲ್ಲ ಗೊತ್ತುಮಾಡಿತು. ೧೯೭೦ರಲ್ಲಿ ಗುತ್ತಿಗೆಯ ಕೆಲಸಗಾರರ ವಿಷಯವಾಗಿ ಪ್ರತ್ಯೇಕ ಕಾನೂನೇ ಆಯಿತು. ಕುಡಿಯುವ ನೀರು, ಶೌಚಾಲಯ, ವಿಶ್ರಾಂತಿಯ ಸ್ಥಳ ಇವುಗಳನ್ನೂ ಶಾಸನದಲ್ಲಿ ಹೆಸರಿಸಿ ವಿಧಿಸಬೇಕಾಗಿ ಬಂದುದೇ ಆ ಜನರ ಅಂದಿನ ಸ್ಥಿತಿಗೆ ಸಾಕ್ಷಿ. ೧೯೭೬ರಲ್ಲಿ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರಾಯಿತು. ೧೯೯೮ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು.

೨೦೨೩ರ ಜನವರಿಯಲ್ಲಿ, ಆರಂಭವಾಗಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿಯೇ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಪ್ರಕಟವಾಯಿತು. ಆಗ ಬಾಗಿಲ ಮುಂದೆ ದೀರ್ಘಕಾಲ ಧರಣಿ ಕುಳಿತವರು ಗುತ್ತಿಗೆಯ ಕೆಲಸಗಾರರು. ಅದೇ ವರ್ಷ ಕೆಲಸವು ಭಾಗಶಃ ಮತ್ತೆ ಮೊದಲಾಯಿತು. ಈ ಘಟನೆಯಲ್ಲಿ ಚರಿತ್ರಕಾರನು ಗಮನಿಸಬೇಕಾದುದು ಒಂದು. ಖಾಯಂ ನೌಕರನಿಗೆ ಮುಚ್ಚುಗಡೆಯೆಂದರೆ ಲೆಕ್ಕ ತೀರಿಸಿಕೊಳ್ಳುವ ಮಾತಾದರೂ ಉಂಟು. ಗುತ್ತಿಗೆಯವನಿಗೆ ಬಾಗಿಲು ಮುಚ್ಚಿದರೆ ಅಲ್ಲಿಗೆ ಎಲ್ಲವೂ ಮುಗಿಯಿತು. ಸೌದೆ ಕಡಿಯುವವನನ್ನು ಊರಿನ ಹೊರಗಿರಿಸಿದ ಗೆರೆಯೇ ಶತಮಾನದ ಮೇಲೆ ಕಾರ್ಖಾನೆಯ ಒಳಕ್ಕೆ ಬಂದು, ಒಂದೇ ಬೆಂಕಿಯ ಮುಂದೆ ನಿಂತ ಇಬ್ಬರ ನಡುವೆ ಹಾದಿದ್ದಿತು.

ಒಟ್ಟಿನಲ್ಲಿ ಬೆಂಕಿಪುರದ ಚರಿತ್ರೆಯಿಂದ ಸಿದ್ಧವಾಗುವುದಿಷ್ಟು. ಕಷ್ಟದ ಕೆಲಸಕ್ಕೆ ಗೌರವ ಬರುವುದು ಮನೆ, ನೀರು, ಔಷಧ, ಶಿಕ್ಷಣ, ನೇರವಾದ ಸಂಬಳ ಇವುಗಳ ಏರ್ಪಾಡಿನಿಂದ. ಈ ಏರ್ಪಾಡು ಯಂತ್ರದ ಅಗತ್ಯವನ್ನೇ ಅಳತೆಯಾಗಿಟ್ಟುಕೊಂಡರೆ ಗೌರವವು ಕೆಲವರ ಪಾಲಾಗುತ್ತದೆ. ಮನುಷ್ಯನೇ ಅಳತೆಯಾಗಬೇಕೆಂಬ ಮಾತನ್ನು ಕಾಯಕದ ತತ್ತ್ವವು ಹೇಳಿದ್ದಿತು; ಅದನ್ನು ಹಾಜರಿ ಪುಸ್ತಕದಲ್ಲಿ ಬರೆಯುವ ಕೆಲಸ ಉಳಿದಿದೆ. ಊದುಕುಲುಮೆಯವರೂ ಇದ್ದಿಲಿನವರೂ ಗಣಿಯವರೂ ತಮ್ಮ ಕೆಲಸದ ವಸ್ತುಗಳಿಗೆ ಇಟ್ಟ ಹೆಸರುಗಳು, ಪಾಳಿಯ ಮಾತುಗಳು, ಹಿರಿಯರ ನೆನಪುಗಳು ನ್ಯೂ ಟೌನಿನ, ಹಳೆಯ ಊರಿನ ಮನೆಗಳಲ್ಲಿ ಇನ್ನೂ ದೊರೆಯುತ್ತವೆ. ಕನ್ನಡದ ವಿದ್ವಾಂಸರೂ ಅಧ್ಯಾಪಕರೂ ಅವುಗಳನ್ನು ಕಾಲವಿರುವಾಗಲೇ ಸಂಗ್ರಹಿಸಿದರೆ, ಈ ನಾಡಿನ ದುಡಿಮೆಯ ಚರಿತ್ರೆಗೆ ಟನ್ನಿನ ಲೆಕ್ಕದ ಜೊತೆಗೆ ಮನುಷ್ಯರ ಲೆಕ್ಕವೂ ಸೇರುವುದು.