ಪೀಸಾ ಗೋಪುರವೂ ಅದರಡಿಯ ಜೇಡಿಮಣ್ಣೂ

ಇಟಲಿಯ ಪೀಸಾ ನಗರದ ಗಂಟೆಗೋಪುರದ ನಿರ್ಮಾಣವು 1173ರಲ್ಲಿ ಆರಂಭವಾಗಿ, ಐದಾರು ವರ್ಷಗಳಲ್ಲೇ ನಿಂತಿತು. 1272ರಲ್ಲಿ ಮುಂದುವರಿದು 1278ರಲ್ಲಿ ಪುನಃ ಸ್ಥಗಿತಗೊಂಡಿತು. ಪೂರ್ಣಗೊಂಡುದು 1370ರ ಸುಮಾರಿಗೆ. ಈ ವಿಳಂಬವನ್ನು ವೈಫಲ್ಯವೆಂದೆಣಿಸುವುದು ಸಹಜ. ಆದರೆ ಮಣ್ಣಿನ ಸಾಕ್ಷ್ಯವು ಬೇರೆಯೇ ಆಗಿದೆ.

ಮೆದು ಜೇಡಿಮಣ್ಣಿನ ಮೇಲೆ ಭಾರ ಬಿದ್ದಾಗ ಅದನ್ನು ಮೊದಲು ಹೊರುವುದು ಮಣ್ಣಿನೊಳಗಣ ನೀರು. ಆ ನೀರು ಮೆಲ್ಲಮೆಲ್ಲನೆ ಹೊರಸರಿದಂತೆ ಮಣ್ಣು ಕುಗ್ಗಿ ಬಲಗೊಳ್ಳುತ್ತದೆ. ಈ ಕುಗ್ಗುವಿಕೆಯನ್ನೂ ಬಲವನ್ನೂ ಒಂದೇ ಗಣಿತಮಾದರಿಯಲ್ಲಿ ಕೂಡಿಸಿದ ಕೇಂಬ್ರಿಜ್ ಪರಂಪರೆಯಲ್ಲಿ ರಾಸ್ಕೋ ಮತ್ತು ಬರ್ಲೆಂಡರ 1968ರ ಪ್ರಬಂಧವು ಮುಖ್ಯವಾದುದು.

1990ರಲ್ಲಿ ನೇಮಕವಾದ ರಕ್ಷಣಾ ಸಮಿತಿಯ ಸದಸ್ಯರಾಗಿದ್ದ ಬರ್ಲೆಂಡರು, ನಿರ್ಮಾಣದ ಕಾಲಾನುಕ್ರಮವನ್ನು ಆ ಬಗೆಯ ಮಾದರಿಗೆ ಅಳವಡಿಸಿ ಪರಿಶೀಲಿಸಿದರು. ವಿರಾಮಗಳಿಲ್ಲದಿದ್ದರೆ ಗೋಪುರವು ಅಂದೇ ಉರುಳುತ್ತಿತ್ತು. ಉತ್ತರ ಪಾರ್ಶ್ವದ ಮಣ್ಣನ್ನು ತೆಗೆದು, 2001ರ ವೇಳೆಗೆ ವಾಲಿಕೆಯನ್ನು ಸುಮಾರು ಅರ್ಧ ಡಿಗ್ರಿ ತಗ್ಗಿಸಲಾಯಿತು. ಚರಿತ್ರೆಯ ತೇದಿಗಳು ಇಲ್ಲಿ ಇಂಜಿನಿಯರರ ಲೆಕ್ಕಕ್ಕೂ ಆಧಾರವಾದುವು.