ಶಾಂತಿಸಾಗರದ ನೀರು, ಅಡಿಕೆಯ ವ್ಯಾಪಾರ ಮತ್ತು ಶ್ರಾವಕನ ವ್ರತ

ಕರ್ನಾಟಕದ ಜೈನ ಸಮಾಜದ ಇತಿಹಾಸವು ಒಂದು ಬರಗಾಲದ ನೆನಪಿನಿಂದಲೇ ಆರಂಭವಾಗುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರ ಕಾಲದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಶಾಸನವೊಂದಿದೆ. ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಪತ್ತನ್ನು ನಿಮಿತ್ತಜ್ಞಾನದಿಂದ ಮೊದಲೇ ಅರಿತು ತಿಳಿಸಿದರೆಂದೂ, ಅದನ್ನು ಕೇಳಿ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಅದು ಹೇಳುತ್ತದೆ. ಈ ವೃತ್ತಾಂತದಲ್ಲಿ ಮನನಯೋಗ್ಯವಾದ ಸಂಗತಿಗಳು ಎರಡು. ವಿಪತ್ತು ಬಂದೆರಗುವ ಮುನ್ನವೇ ಅದನ್ನು ಅರಿತವರು ಮುಚ್ಚಿಡದೆ ಎಲ್ಲರಿಗೂ ಹೇಳಿದರು. ಹೊರಟವರು ಒಬ್ಬಿಬ್ಬರಾಗಿ ತಮ್ಮ ತಮ್ಮ ರಕ್ಷಣೆಯನ್ನು ನೋಡಿಕೊಳ್ಳದೆ ಸಂಘವಾಗಿ ಹೊರಟರು. ಹವಾಮಾನದ ಏರುಪೇರಿಗೆ ಮನುಷ್ಯನು ಹೊಂದಿಕೊಳ್ಳಬೇಕಾದ ರೀತಿ ಯಾವುದೆಂಬ ಪ್ರಶ್ನೆಗೆ ಈ ಎರಡು ಮಾತುಗಳೇ ಪೀಠಿಕೆಯಾಗಬಲ್ಲವು.

ಇಂದು ಈ ಪ್ರಶ್ನೆಯನ್ನು ಎದುರಿಸುತ್ತಿರುವ ಸೀಮೆಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕೂ ಒಂದು. ನಲ್ಲೂರು ಮತ್ತು ಅದರ ಸುತ್ತಣ ಗ್ರಾಮಗಳ ಬದುಕು ಅಡಿಕೆ ತೋಟಗಳ ಮೇಲೆ ನಿಂತಿದೆ. ಅಂಗಡಿ, ಮಂಡಿ, ಸಾಲ, ಮದುವೆ ಎಲ್ಲವೂ ಅಡಿಕೆಯ ಧಾರಣೆಯೊಡನೆ ಏಳುತ್ತ ಬೀಳುತ್ತ ಇರುತ್ತವೆ. ಆ ಅಡಿಕೆಯೋ ನೀರಿನ ಮೇಲೆ ನಿಂತಿದೆ. ಆದ್ದರಿಂದ ಈ ಸೀಮೆಯ ವ್ಯಾಪಾರದ ಚರಿತ್ರೆಯನ್ನು ಬರೆಯುವುದೆಂದರೆ ನೀರಿನ ಚರಿತ್ರೆಯನ್ನು ಬರೆದಂತೆಯೇ.

ಕೆರೆ ಕಟ್ಟಿದವರ ದೂರದೃಷ್ಟಿ

ಚನ್ನಗಿರಿಯ ಸಮೀಪದ ಸೂಳೆಕೆರೆಯನ್ನು, ಅರ್ಥಾತ್ ಶಾಂತಿಸಾಗರವನ್ನು, ಅರಿಯದವರಿಲ್ಲ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಕಟ್ಟಿ ಹರಿದ್ರಾ ನದಿಯನ್ನು ತಡೆದು ಈ ಕೆರೆಯನ್ನು ನಿರ್ಮಿಸಲಾಗಿದೆ. ರಾಜಕುಮಾರಿ ಶಾಂತವ್ವೆಯು ಪ್ರಾಯಶ್ಚಿತ್ತರೂಪವಾಗಿ ಇದನ್ನು ಕಟ್ಟಿಸಿದಳೆಂದೂ, ನೆಲವನ್ನು ಬಿಟ್ಟುಕೊಟ್ಟ ವೇಶ್ಯಾಸ್ತ್ರೀಯರು ತಮ್ಮ ಹೆಸರು ಕೆರೆಗೆ ಉಳಿಯಬೇಕೆಂದು ಕೇಳಿದರೆಂದೂ ಐತಿಹ್ಯವಿದೆ. ಏರಿಯ ಉದ್ದ ಹೆಚ್ಚಿಲ್ಲ. ಅಗಲ ಮತ್ತು ಎತ್ತರಗಳು ಮಾತ್ರ ಬೆರಗುಗೊಳಿಸುವಂಥವು. ಎರಡು ತೂಬುಗಳಿಗೆ ಸಿದ್ಧನಾಲೆ, ಬಸವನಾಲೆ ಎಂಬ ಹೆಸರುಗಳಿವೆ. 19ನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿಯವರೂ ಈ ಏರಿಯ ನಿರ್ಮಾಣಕೌಶಲವನ್ನು ಮೆಚ್ಚಿದ್ದರು. ಇಂದಿಗೂ ಇದು ಚಿತ್ರದುರ್ಗ ನಗರಕ್ಕೆ ಮತ್ತು ಅನೇಕ ಗ್ರಾಮಗಳಿಗೆ ಕುಡಿಯುವ ನೀರನ್ನು ಕೊಡುತ್ತಿದೆ. ಮಳೆ ಬಂದ ವರ್ಷದ ನೀರನ್ನು ಬಾರದ ವರ್ಷಕ್ಕೆ ಕೂಡಿಡುವುದೇ ಕೆರೆಯ ಮರ್ಮ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಅದು ಊರಿನ ಮೀಸಲು ನಿಧಿ.

ಇಂತಹ ಕೆರೆಗಳಿದ್ದರೂ ದೊಡ್ಡ ಕ್ಷಾಮಗಳು ನಾಡನ್ನು ಬಿಡಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರವಿತ್ತು; 1876-78ರ ಮಹಾಕ್ಷಾಮ ಕಳೆದು 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಮಳೆ ಹೋದದ್ದು ಒಂದು ಕಾರಣ. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಅದು ಸಕಾಲದಲ್ಲಿ ತಲುಪದೆ ಹೋದದ್ದೂ, ತಲುಪಿದಲ್ಲಿ ಕೊಳ್ಳುವ ಶಕ್ತಿ ಬಡವರಿಗಿಲ್ಲದೆ ಹೋದದ್ದೂ ಮತ್ತೊಂದು ಕಾರಣ. ಆ ಬಳಿಕ 1880ರ ದಶಕದಲ್ಲಿ ರೈಲುಮಾರ್ಗವು ಬೆಂಗಳೂರಿನಿಂದ ದಾವಣಗೆರೆ, ಹರಿಹರಗಳವರೆಗೆ ಬಂದಿತು. ಹಗೇವುಗಳಲ್ಲಿ ಧಾನ್ಯ ತುಂಬಿಟ್ಟು ಸ್ಥಳೀಯವಾಗಿ ಮಾರುತ್ತಿದ್ದ ವ್ಯಾಪಾರದ ರೂಪವೇ ಬದಲಾಯಿತು. ಹವಾಮಾನದ ಆಘಾತವು ವ್ಯಾಪಾರದ ದಾರಿಯನ್ನು ತಿರುಗಿಸುವುದು ಹೊಸತೇನಲ್ಲ.

ಕ್ಷಾಮಕಾಲದಲ್ಲಿ ವರ್ತಕನ ಧರ್ಮವೇನೆಂಬುದಕ್ಕೆ ಜೈನ ಪರಂಪರೆಯಲ್ಲಿ ಪ್ರಸಿದ್ಧ ನಿದರ್ಶನವಿದೆ. 13ನೆಯ ಶತಮಾನದಲ್ಲಿ ಕಚ್ಛದ ಭದ್ರೇಶ್ವರದಲ್ಲಿದ್ದ ಜಗಡೂ ಶಾಹನು ಮೂರು ವರ್ಷಗಳ ಬರ ಬರುವುದೆಂದು ಗುರುಗಳಿಂದ ತಿಳಿದು ಧಾನ್ಯವನ್ನು ಸಂಗ್ರಹಿಸಿದನು. ಬರ ಬಂದಾಗ ಅರಸನು ಧಾನ್ಯ ಕೇಳಲು, ಕಣಜಗಳಲ್ಲಿದ್ದ ತಾಮ್ರಪಟಗಳಲ್ಲಿ ಇದು ಬಡವರಿಗಾಗಿ ಇಟ್ಟದ್ದು ಎಂದು ಬರೆದಿತ್ತೆಂದು ಸರ್ವಾನಂದನ ಜಗಡೂಚರಿತವು ತಿಳಿಸುತ್ತದೆ. ಬರದ ಮುನ್ಸೂಚನೆ ಸಿಕ್ಕಿದಾಗ ಧಾನ್ಯ ಕೂಡಿಡುವುದನ್ನು ಲೋಭಿಯೂ ಮಾಡುತ್ತಾನೆ, ಧರ್ಮಾತ್ಮನೂ ಮಾಡುತ್ತಾನೆ. ಇಬ್ಬರ ಕಣಜಗಳೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಭೇದವಿರುವುದು ಒಳಗಿನ ತಾಮ್ರಪಟದಲ್ಲಿ.

ಭದ್ರೆಯ ನೀರು, ಅಡಿಕೆಯ ಸಿರಿ

ಸ್ವಾತಂತ್ರ್ಯಾನಂತರ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ನಿರ್ಮಾಣ ನಡೆಯಿತು. 1965ರ ಹೊತ್ತಿಗೆ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಸಾಮರ್ಥ್ಯ ಸುಮಾರು 71.5 ಟಿ.ಎಂ.ಸಿ. ನಾಲೆಯ ನೀರು ಬಂದ ಕಡೆ ಭತ್ತವೂ ಅಕ್ಕಿಗಿರಣಿಗಳೂ ಬಂದವು. ಕ್ರಮೇಣ ಗದ್ದೆಗಳು ತೋಟಗಳಾದವು. ನಾಲೆಯಿಲ್ಲದ ಕಡೆ ಕೊಳವೆಬಾವಿಗಳು ಆ ಕೆಲಸವನ್ನು ಮಾಡಿದವು. ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್, ಮಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೋ, ಚನ್ನಗಿರಿಯ ತುಮ್ಕೋಸ್ ಮೊದಲಾದ ಸಹಕಾರ ಸಂಸ್ಥೆಗಳು ಬೆಳೆಗಾರರಿಗೆ ಮಾರುಕಟ್ಟೆಯ ಆಸರೆಯಾದವು.

ಈ ಸೀಮೆಯ ವಿಶಿಷ್ಟ ವ್ಯವಹಾರವೆಂದರೆ ಚೇಣಿ. ಫಸಲು ಮರದ ಮೇಲಿರುವಾಗಲೇ ಚೇಣಿದಾರನು ತೋಟದವನೊಡನೆ ಕರಾರು ಮಾಡಿಕೊಳ್ಳುತ್ತಾನೆ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಅವನ ಹೊಣೆ. ಕ್ವಿಂಟಾಲು ಹಸಿ ಅಡಿಕೆಗೆ ಇಷ್ಟು ಕಿಲೋ ಒಣ ಅಡಿಕೆಯೆಂದು ಮಾತಾಗುತ್ತದೆ. ಮಳೆ ಬಿಸಿಲುಗಳು ತಮ್ಮ ತಮ್ಮ ಕಾಲದಲ್ಲಿ ಬರುತ್ತವೆಂಬ ನಂಬಿಕೆಯೇ ಈ ಕರಾರಿನ ಬುನಾದಿ. ಆ ನಂಬಿಕೆಯೇ ಈಗ ಅಲುಗಾಡಿದೆ. ಬೇಸಿಗೆಯಲ್ಲಿ ನೀರು ಸಾಲದೆ ಹೋದರೆ ಹಿಂಗಾರ ಒಣಗುತ್ತದೆ, ಮಿಡಿಗಳು ಉದುರುತ್ತವೆ. ಕೊಯ್ಲಿನ ಕಾಲದಲ್ಲಿ ಅಕಾಲದ ಮಳೆ ಹಿಡಿದರೆ ಕಣದಲ್ಲಿ ಹರಡಿದ ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ. ಆಗ ನಷ್ಟವು ಮೊದಲು ಚೇಣಿದಾರನ ಮೇಲೆ, ಅವನಿಂದ ಸುಲಿಯುವ ಹೆಂಗಸರ ಕೂಲಿಯ ಮೇಲೆ, ಕಡೆಗೆ ಅವರಿಗೆ ಉದ್ದರಿ ಕೊಟ್ಟ ಕಿರಾಣಿ ಅಂಗಡಿಯ ಮೇಲೆ ಇಳಿಯುತ್ತ ಹೋಗುತ್ತದೆ.

ಬದಲಾದ ಋತುಮಾನ

ಭಾರತದ ಸರಾಸರಿ ಉಷ್ಣತೆಯು 1901ರಿಂದ 2018ರ ಅವಧಿಯಲ್ಲಿ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆಯೆಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ತಿಳಿಸಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿಯು ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಆದ್ದರಿಂದ ಬಿಸಿಲಿನ ದಿನಗಳಲ್ಲಿ ನೆಲ ಬೇಗ ಒಣಗುತ್ತದೆ. ಮಳೆ ಬಂದಾಗ ಸುರಿದು ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ತೋಟಗಳಿಗೆ ಟ್ಯಾಂಕರ್‌ಗಳಲ್ಲಿ ನೀರು ಹೊಡೆಸುವ ಪರಿಸ್ಥಿತಿ ಬಂದಿತು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡುವುದು ಉಚಿತ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳು ಹಿಡಿಯುತ್ತವೆ. ಕಡುಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರಿನಂತೆ ಹಾಯಿಸುವ ಹಳೆಯ ಪದ್ಧತಿಯಲ್ಲಿ ಎಕರೆಗೆ ದಿನವೊಂದಕ್ಕೆ ಸುಮಾರು 24,000 ಲೀಟರ್ ನೀರು ಬೇಕು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರಿನಂತೆ 11,000 ಲೀಟರ್ ಸಾಕು. ಅರ್ಧಕ್ಕಿಂತ ಹೆಚ್ಚು ಉಳಿಯಿತು. ಆದರೆ ಉಳಿದ ನೀರು ಎಲ್ಲಿಗೆ ಹೋಯಿತು? ಒಂದು ಎಕರೆಯ ನೀರಿನಲ್ಲಿ ಎರಡು ಎಕರೆ ತೋಟ ಮಾಡಬಹುದೆಂದು ಮಳೆಯಾಶ್ರಿತ ಹೊಲಕ್ಕೂ ಸಸಿ ನೆಟ್ಟರೆ ನೆಲದಡಿಯ ನೀರು ಮೊದಲಿನಷ್ಟೇ ಖರ್ಚಾಗುತ್ತದೆ. ಮುಂದಿನ ಬರಕ್ಕೆ ಒಣಗುವ ಮರಗಳ ಸಂಖ್ಯೆ ಮಾತ್ರ ಇಮ್ಮಡಿಯಾಗುತ್ತದೆ. ಉಳಿತಾಯವನ್ನೆಲ್ಲ ಹೊಸ ಬಂಡವಾಳಕ್ಕೆ ಹಾಕಿ ಮೀಸಲು ನಿಧಿಯನ್ನು ಬರಿದು ಮಾಡಿದ ಅಂಗಡಿಯ ಗತಿ ಏನಾಗುವುದೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಹೊಂದಿಕೊಳ್ಳುವ ಪ್ರಯತ್ನಗಳು ವ್ಯರ್ಥವೆಂದಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬಳಕೆಗೆ ತಂದಂದಿನಿಂದ ಬೆಳೆಗಾರರು ಹೊಸದನ್ನು ಕಲಿಯುತ್ತಲೇ ಬಂದಿದ್ದಾರೆ. ತೋಟದ ಸೋಗೆ, ಸಿಪ್ಪೆಗಳನ್ನು ಸುಡದೆ ಬುಡಕ್ಕೆ ಹೊದಿಸಿ ತೇವ ಕಾಯುವುದು, ಕೃಷಿಹೊಂಡ, ಪಾರದರ್ಶಕ ಹೊದಿಕೆಯ ಒಣಗುಮನೆ, ಬಾಳೆ ಮೆಣಸುಗಳಂತಹ ಮಿಶ್ರಬೆಳೆ ಇವೆಲ್ಲ ಪ್ರಯೋಜನಕಾರಿ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆ ಬೆಳೆಗಾರನು ವಿಮಾ ಮೊತ್ತದ ಶೇಕಡಾ 5ರಷ್ಟನ್ನು ಮಾತ್ರ ಕಂತಾಗಿ ಕಟ್ಟುತ್ತಾನೆ. ಉಬ್ರಾಣಿ–ಅಮೃತಾಪುರ ಏತ ನೀರಾವರಿ, ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಮೊದಲಾದವು ಕೆರೆಗಳ ಮಹತ್ತ್ವವನ್ನು ಮತ್ತೆ ನೆನಪಿಗೆ ತಂದಿವೆ.

ವ್ರತದ ಬೆಳಕಿನಲ್ಲಿ

ಆಗಮಗಳು ಶ್ರಾವಕನಿಗೆ ವ್ಯಾಪಾರವನ್ನು ನಿಷೇಧಿಸಿಲ್ಲ. ಅದಕ್ಕೆ ಮೇರೆಯನ್ನು ಹಾಕಿವೆ. ಉಪಾಸಕದಶಾ ಸೂತ್ರದಲ್ಲಿ ಹದಿನೈದು ಕರ್ಮಾದಾನಗಳನ್ನು, ಎಂದರೆ ಗೃಹಸ್ಥನು ಬಿಡಬೇಕಾದ ಜೀವನೋಪಾಯಗಳನ್ನು, ಎಣಿಸಿದೆ. ಪಂಡಿತ ಆಶಾಧರನ ಸಾಗಾರಧರ್ಮಾಮೃತದಲ್ಲಿಯೂ ಇವು ಖರಕರ್ಮಗಳೆಂದು ಪ್ರಸ್ತಾಪವಾಗಿವೆ. ಅವುಗಳಲ್ಲಿ ಒಂದು ಸರಃಶೋಷ: ಬೆಳೆಯ ಲಾಭಕ್ಕಾಗಿ ಕೆರೆ ಮಡುಗಳ ನೀರನ್ನು ಬತ್ತಿಸುವುದು. ನೀರೇ ಅಪ್ಕಾಯಿಕ ಜೀವಗಳ ಶರೀರ. ಅದನ್ನು ಆಶ್ರಯಿಸಿದ ತ್ರಸಜೀವಗಳು ಅಸಂಖ್ಯಾತ. ಕೊಳವೆಬಾವಿ ಎಂಬುದನ್ನು ಕನಸಿನಲ್ಲಿಯೂ ಕಾಣದ ಕಾಲದಲ್ಲಿ ಆಚಾರ್ಯರು ಈ ನಿಯಮವನ್ನು ಮಾಡಿದರು. ಕಣ್ಣಿಗೆ ಕಾಣುವ ಕೆರೆಯನ್ನು ಬತ್ತಿಸುವುದು ದೋಷವಾದರೆ, ನೆಲದಡಿಯಲ್ಲಿ ಕಾಣದ ಕೆರೆಯನ್ನು ಬತ್ತಿಸುವುದು ನಿರ್ದೋಷವಾಗುವುದು ಹೇಗೆ?

ರತ್ನಕರಂಡ ಶ್ರಾವಕಾಚಾರದಲ್ಲಿ ಸಮಂತಭದ್ರ ಸ್ವಾಮಿಗಳು ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಿಡ ಕಡಿಯುವುದು ಇವನ್ನು ಪ್ರಮಾದಚರ್ಯೆಯೆಂದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಸಂಕಟದ ವರ್ಷದಲ್ಲಿ ಒದ್ದೆ ಅಡಿಕೆಯನ್ನು ಒಣಗಿದ್ದೆಂದು ತೂಗುವುದು, ಕೆಟ್ಟ ಅಡಿಕೆಗೆ ಬಣ್ಣ ಕಟ್ಟುವುದು ಅಚೌರ್ಯವ್ರತದ ಅತಿಚಾರಗಳಾದ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರಗಳೇ ಆಗುತ್ತವೆ. ಹವಾಮಾನ ಕೆಟ್ಟಿತೆಂಬುದು ತಕ್ಕಡಿ ಕೆಡುವುದಕ್ಕೆ ಕಾರಣವಾಗಲಾರದು. ಇನ್ನು ಪರಿಗ್ರಹ ಪರಿಮಾಣ ವ್ರತ. ಹಿಂದೆ ಶ್ರಾವಕರು ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುತ್ತಿದ್ದರು. ನೀರಿಗೂ ಮಿತಿ ಹಾಕಿಕೊಳ್ಳಬೇಕಾದ ಕಾಲ ಬಂದಿದೆ: ಹನಿ ನೀರಾವರಿಯಿಂದ ಉಳಿದ ನೀರು ಹೊಸ ತೋಟಕ್ಕಲ್ಲ, ನೆಲಕ್ಕೆ ಸೇರತಕ್ಕದ್ದು ಎಂಬ ಸಂಕಲ್ಪ.

ಇದು ಕೃಷಿಕರಿಗೆ ಮಾತ್ರ ಹೇಳುವ ಬುದ್ಧಿಮಾತಾಗಬಾರದು. ತೋಟಕ್ಕೆ ಸಾಲ ಕೊಡುವವರು ನೀರಿನ ಲೆಕ್ಕವನ್ನು ಕೇಳಿ ಕೊಡಬಹುದು. ಚೇಣಿಯ ಕರಾರಿನಲ್ಲಿ ಅಕಾಲ ಮಳೆಯ ಅಥವಾ ಬರದ ನಷ್ಟವನ್ನು ಉಭಯರೂ ಹಂಚಿಕೊಳ್ಳುವ ಮಾತನ್ನು ಮೊದಲೇ ಬರೆದಿಡಬಹುದು. ಆಗ ಅದು ಕೂಲಿಯವರ ತಲೆಯ ಮೇಲೆ ಬೀಳದು. ಬಸದಿಗಳ ಆಡಳಿತ ಮಂಡಳಿಗಳು ಮಾಡಿನ ಮಳೆನೀರನ್ನು ಹಳೆಯ ಬಾವಿಗೆ ಇಳಿಸಬಹುದು. ದತ್ತಿಯ ಭೂಮಿಯನ್ನು ಗೇಣಿಗೆ ಕೊಡುವಾಗ ಹೊಸ ಕೊಳವೆಬಾವಿ ಕೂಡದೆಂಬ ಷರತ್ತನ್ನು ಹಾಕಬಹುದು. ಪಂಚಕಲ್ಯಾಣ ಮಹೋತ್ಸವಗಳ ವೆಚ್ಚದಲ್ಲಿ ಒಂದಂಶವನ್ನು ಊರಿನ ಕೆರೆಯ ಹೂಳೆತ್ತುವುದಕ್ಕೆ ತೆಗೆದಿರಿಸಬಹುದು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತೋಟದ ಕಡೆಗೆ ಹೋಗುವ ಮೊದಲು ಕೇರಿಯ ಕೊಡಗಳು ತುಂಬಿವೆಯೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲನೆಯ ಕರ್ತವ್ಯ.

ಸೂಳೆಕೆರೆಯ ಏರಿಯನ್ನು ಕಟ್ಟಿದವರು ಅದರ ನೀರನ್ನೆಲ್ಲ ತಾವೇ ಬಳಸಿ ಮುಗಿಸಲಿಲ್ಲ. ಅವರು ಯಾರೆಂದು ಸರಿಯಾಗಿ ಅರಿಯದ ಜನರು ಶತಮಾನಗಳ ಬಳಿಕವೂ ಅದನ್ನು ಕುಡಿಯುತ್ತಿದ್ದಾರೆ. ಇಂದಿನ ತಲೆಮಾರಿನ ಜಮಾಖರ್ಚಿನ ಪುಸ್ತಕದಲ್ಲಿ ಆ ನೀರು ಹಿಂದಿನ ಬಾಕಿಯಾಗಿ ಜಮೆಯಾಗಿದೆ. ಮುಂದಿನವರ ಪುಸ್ತಕಕ್ಕೆ ಎಷ್ಟನ್ನು ಒಯ್ಯುವುದೆಂಬುದೊಂದೇ ಉಳಿದಿರುವ ಲೆಕ್ಕ.