ಗೀಜಗನ ಗೂಡು ಮತ್ತು ವಂಶದ ಸಾಕ್ಷ್ಯ

ಮುಂಗಾರು ಹಿಡಿದ ಮೇಲೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸಂಚರಿಸುವವರಿಗೆ, ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಗಳಲ್ಲಿ ಗೀಜಗನ ಗೂಡುಗಳು ತೂಗಾಡುವ ನೋಟ ಅಪರಿಚಿತವಲ್ಲ. ಜೋಳದ ಹೊಲ ಈ ಹಕ್ಕಿಗೆ ಕಾಳನ್ನೂ ಕಬ್ಬಿನ ಗರಿ ಗೂಡಿನ ಎಳೆಯನ್ನೂ ಒದಗಿಸುತ್ತವೆ. ಮಗ್ಗದ ಸದ್ದನ್ನೇ ಬದುಕಾಗಿ ಉಳ್ಳ ರಬಕವಿ-ಬನಹಟ್ಟಿಯಂತಹ ಊರಿನ ಸಮೀಪದಲ್ಲಿ ನೇಕಾರ ಹಕ್ಕಿಯೆಂದೂ ಹೆಸರಾದ ಗೀಜಗವು ಸಹಜವಾಗಿಯೇ ಮೆಚ್ಚುಗೆಗೆ ಪಾತ್ರವಾಗಿದೆ. ಆದರೆ ನೇಯ್ಗೆಯ ಮೇಲಣ ಈ ಮೆಚ್ಚುಗೆಯಲ್ಲಿ ಒಂದು ಪ್ರಶ್ನೆ ಬಹುಕಾಲ ಮರೆಯಾಗಿಯೇ ಉಳಿಯಿತು. ಈ ಗೂಡನ್ನು ಒಪ್ಪುವವರು ಅಥವಾ ತಿರಸ್ಕರಿಸುವವರು ಯಾರು? ಒಪ್ಪಿಗೆಯಾದ ಗೂಡಿನಲ್ಲಿ ಬೆಳೆಯುವ ಮರಿ ನಿಜವಾಗಿ ಯಾರದು? ಈ ಎರಡು ಪ್ರಶ್ನೆಗಳಿಗೆ ವಿದ್ವಾಂಸರು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನೂ, ಅವು ಯಾವ ಬಗೆಯ ಸಾಕ್ಷ್ಯವನ್ನು ಆಧರಿಸಿದ್ದುವೆಂಬುದನ್ನೂ ಪರಿಶೀಲಿಸುವುದು ಈ ಕಿರುಲೇಖನದ ಉದ್ದೇಶ.

ಸಂಗಾತಿಯ ಆಯ್ಕೆಯೆಂದೊಡನೆ ಈ ಸೀಮೆಯವರಿಗೆ ಮೊದಲು ನೆನಪಾಗುವುದು ಮುಧೋಳದ ಬೇಟೆನಾಯಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರ ಆಶ್ರಯದಲ್ಲಿ ಸಂವರ್ಧನೆಗೊಂಡ ಈ ತಳಿಯ ಹೆಸರಿನಲ್ಲಿ ಭಾರತದ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯನ್ನು ಹೊರಡಿಸಿತು. ನಾಯಿಯ ತಳಿಯನ್ನು ಕಾಪಾಡುವಲ್ಲಿ ಯಾವ ಗಂಡಿಗೆ ಯಾವ ಹೆಣ್ಣೆಂಬುದನ್ನು ನಿರ್ಧರಿಸುವವನು ಒಡೆಯ. ಓಟ, ಮೈಕಟ್ಟು, ದೃಷ್ಟಿಗಳು ಅವನ ಮಾನದಂಡಗಳು. ತಾಯಿತಂದೆಗಳಾರೆಂಬುದು ಅವನ ನೆನಪಿನಲ್ಲೋ ದಫ್ತರದಲ್ಲೋ ಇರುತ್ತದೆ. ಅಂದರೆ ಇಲ್ಲಿ ಆರಿಸುವವನೂ ಸಾಕ್ಷಿಯೂ ಒಬ್ಬನೇ. ಚಾರ್ಲ್ಸ್ ಡಾರ್ವಿನ್ನನು 1859ರ ತನ್ನ ಮಹಾಗ್ರಂಥವನ್ನು ಇಂತಹ ಸಾಕುಪ್ರಾಣಿಗಳ, ವಿಶೇಷವಾಗಿ ಪಾರಿವಾಳಗಳ, ವಿಚಾರದಿಂದಲೇ ಆರಂಭಿಸಿದನೆಂಬುದು ಗಮನಾರ್ಹ. ಒಡೆಯನೇ ಇಲ್ಲದ ಕಾಡುಹಕ್ಕಿಗಳಲ್ಲಿ ಆ ಆಯ್ಕೆಯನ್ನು ಮಾಡುವವರಾರೆಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಇದಕ್ಕೆ ಡಾರ್ವಿನ್ನನು 1871ರಲ್ಲಿ ಕೊಟ್ಟ ಉತ್ತರ ಧೀರವಾದುದು. ಗಂಡುಹಕ್ಕಿಗಳ ಬಣ್ಣ, ಗರಿ, ಹಾಡುಗಳು ಬೆಳೆದುಬಂದುದು ಅನೇಕ ತಲೆಮಾರುಗಳ ಹೆಣ್ಣುಗಳ ಮೆಚ್ಚುಗೆಯ ಫಲವಾಗಿ ಎಂದು ಅವನು ವಾದಿಸಿದನು. ಪ್ರಕೃತಿಯ ಆಯ್ಕೆಯ ತತ್ತ್ವವನ್ನು ಅವನೊಡನೆಯೇ ಕಂಡುಕೊಂಡಿದ್ದ ವಾಲೇಸನಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. 1889ರ ತನ್ನ ಗ್ರಂಥದಲ್ಲಿ ಆತನು ಗಂಡಿನ ಅಲಂಕಾರಕ್ಕೆ ಅದರ ಅಧಿಕ ಚೈತನ್ಯವೇ ಕಾರಣವೆಂದು ಹೇಳಿ, ಹೆಣ್ಣಿನ ಅಭಿರುಚಿಗೆ ಅಷ್ಟು ಮಹತ್ವ ಕೊಡಲು ನಿರಾಕರಿಸಿದನು. 1930ರಲ್ಲಿ ಆರ್. ಎ. ಫಿಶರನು ಹೆಣ್ಣಿನ ಮೆಚ್ಚುಗೆಯೂ ಗಂಡಿನ ಅಲಂಕಾರವೂ ಒಟ್ಟಿಗೆ ವಂಶಪಾರಂಪರ್ಯವಾಗಿ ಸಾಗಿ ಒಂದನ್ನೊಂದು ಹೇಗೆ ಬೆಳೆಸಬಲ್ಲವೆಂಬುದನ್ನು ವಿವರಿಸಿದರೂ, ಈ ವಿಚಾರ ದಶಕಗಳ ಕಾಲ ವಿದ್ವಾಂಸರ ಅಂಚಿನಲ್ಲಿಯೇ ಉಳಿಯಿತು. ನೋಡುವ ಕಣ್ಣುಗಳಿಗೆ ಕುಣಿಯುವ ಗಂಡು ಕಂಡಿತೇ ಹೊರತು, ಸುಮ್ಮನೆ ಕುಳಿತು ಪರೀಕ್ಷಿಸುವ ಹೆಣ್ಣು ಕಾಣಲಿಲ್ಲ.

ಇಂತಹ ಸ್ಥಿತಿಯಲ್ಲಿ ನಮ್ಮ ದೇಶದಿಂದಲೇ ಒಂದು ಸ್ಪಷ್ಟ ಸಾಕ್ಷ್ಯ ದೊರೆತುದು ಸ್ಮರಣೀಯ. 1930ರ ಮಳೆಗಾಲದಲ್ಲಿ ಸಲೀಂ ಅಲಿಯವರು ಕೊಂಕಣದ ಕೀಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗನ ನೆಲೆಯೊಂದರ ಮುಂದೆ ಏಣಿಯ ಮೇಲೆ ಮರೆಕಟ್ಟಿಕೊಂಡು ಕುಳಿತು, ದಿನದಿನದ ವೃತ್ತಾಂತವನ್ನು ಬರೆದಿಟ್ಟರು. ಅವರ ಲೇಖನ 1931ರಲ್ಲಿ ಬೊಂಬಾಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಕಂಡುದಿಷ್ಟು: ಗಂಡುಗಳು ಗೂಡುಗಳನ್ನು ಅರ್ಧಕ್ಕೆ ಕಟ್ಟಿ ನಿಲ್ಲಿಸುತ್ತವೆ; ಆಗ ಹೆಣ್ಣುಗಳು ಬಂದು ಗೂಡುಗೂಡನ್ನೂ ಹೊಕ್ಕು ಪರೀಕ್ಷಿಸುತ್ತವೆ; ಒಂದು ಹೆಣ್ಣು ಒಪ್ಪಿ ನೆಲೆಸಿದ ಮೇಲೆಯೇ ಗಂಡು ಆ ಗೂಡನ್ನು ಕೊಳವೆಯ ಬಾಗಿಲಿನವರೆಗೆ ಪೂರ್ಣಗೊಳಿಸುತ್ತದೆ; ಅವಳು ಮೊಟ್ಟೆಗೆ ಕಾವು ಕೂರುವಷ್ಟರಲ್ಲಿ ಅವನು ಇನ್ನೊಂದು ಗೂಡಿಗೆ ಎಳೆ ತರತೊಡಗುತ್ತಾನೆ. ಯಾರೂ ಒಪ್ಪದ ಗೂಡು ಅರ್ಧಕ್ಕೇ ಉಳಿಯುತ್ತದೆ. ಜಾಲಿಯ ಮರದಲ್ಲಿ ನಾವು ಕಾಣುವ, ಕೊಳವೆಯಿಲ್ಲದ ಗೂಡುಗಳಲ್ಲಿ ಹಲವು ಇಂತಹ ತಿರಸ್ಕಾರದ ದಾಖಲೆಗಳೇ ಆಗಿವೆ. ಸಲೀಂ ಅಲಿಯವರ ಮಾರ್ಗದಲ್ಲಿ ನಡೆದ ವಿ. ಸಿ. ಅಂಬೇಡ್ಕರರು 1964ರಲ್ಲಿ ಭಾರತದ ನೇಕಾರ ಹಕ್ಕಿಗಳನ್ನು ಕುರಿತ ಗ್ರಂಥವನ್ನೇ ಹೊರತಂದರು.

ಅದೇ ವರ್ಷ ಜಾನ್ ಕ್ರೂಕ್ ಎಂಬ ವಿದ್ವಾಂಸನು ನೇಕಾರ ಹಕ್ಕಿಗಳ ಅನೇಕ ಜಾತಿಗಳನ್ನು ಹೋಲಿಸಿ ಮಹತ್ವದ ನಿರ್ಣಯವೊಂದಕ್ಕೆ ಬಂದನು. ಕಾಡಿನಲ್ಲಿ ಹುಳುಗಳನ್ನು ತಿಂದು ಬಾಳುವ ಜಾತಿಗಳು ಸಾಮಾನ್ಯವಾಗಿ ಜೋಡಿಯಾಗಿ ಬದುಕುತ್ತವೆ. ಬಯಲಿನಲ್ಲಿ ಕಾಳು ತಿನ್ನುವ ಜಾತಿಗಳು ಹಿಂಡುಗಟ್ಟಿ, ಒಂದು ಗಂಡಿಗೆ ಹಲವು ಹೆಣ್ಣುಗಳಂತೆ ಸಂಸಾರ ನಡೆಸುತ್ತವೆ. ಕಾಳು ಹೇರಳವಾದೆಡೆ ತಾಯಿಯೊಬ್ಬಳೇ ಮರಿಗಳನ್ನು ಸಾಕಬಲ್ಲಳೆಂಬುದು ಇದರ ತಾತ್ಪರ್ಯ. ಜೋಳದ ಸೀಮೆಯ ಗೀಜಗಕ್ಕೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. 1982ರಲ್ಲಿ ಮಾಲ್ಟೆ ಆಂಡರ್ಸನ್ನನು ಕೀನ್ಯಾದಲ್ಲಿ ಗೀಜಗನ ಕುಲಕ್ಕೇ ಸೇರಿದ ನೀಳಬಾಲದ ಹಕ್ಕಿಯ ಬಾಲವನ್ನು ಕೆಲವಕ್ಕೆ ಮೊಟಕುಮಾಡಿ, ಕೆಲವಕ್ಕೆ ಅಂಟಿಸಿ ಉದ್ದಮಾಡಿದಾಗ, ಉದ್ದ ಬಾಲದವುಗಳ ಸೀಮೆಯಲ್ಲಿ ಹೆಚ್ಚು ಹೆಣ್ಣುಗಳು ಗೂಡುಕಟ್ಟಿದುವು. ಡಾರ್ವಿನ್ನನ ವಾದಕ್ಕೆ ಪ್ರಯೋಗದ ಬಲ ಹೀಗೆ ದೊರಕಿತು. ಗೀಜಗನ ವಿಷಯದಲ್ಲಿ ಸುಹೇಲ್ ಕಾದರ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನವು, ಹೆಣ್ಣಿನ ತೀರ್ಮಾನದಲ್ಲಿ ನೇಯ್ಗೆಯ ನಯಕ್ಕಿಂತ ಗೂಡಿನ ಸ್ಥಾನಕ್ಕೆ ಹೆಚ್ಚಿನ ಬೆಲೆಯಿದೆಯೆಂದು ತೋರಿಸಿತು. ನಾವು ಕುಶಲತೆಯನ್ನು ಮೆಚ್ಚುತ್ತೇವೆ. ಅವಳು ಮರಿಗಳ ಕ್ಷೇಮವನ್ನು ನೋಡುತ್ತಾಳೆ.

ಇಷ್ಟಾದರೂ ಎರಡನೆಯ ಪ್ರಶ್ನೆ ಉಳಿಯುತ್ತದೆ. ಕಣ್ಣಿಗೆ ಕಂಡ ದಾಂಪತ್ಯವೇ ವಂಶದ ಪ್ರಮಾಣವೆಂದು ಪಕ್ಷಿಶಾಸ್ತ್ರಜ್ಞರು ಬಹುಕಾಲ ನಂಬಿದ್ದರು. 1968ರಲ್ಲಿ ಡೇವಿಡ್ ಲ್ಯಾಕ್ ಎಂಬ ಪ್ರಸಿದ್ಧ ವಿದ್ವಾಂಸನು, ಗುಬ್ಬಿವರ್ಗದ ಉಪಕುಟುಂಬಗಳಲ್ಲಿ ನೂರಕ್ಕೆ 90ಕ್ಕೂ ಮಿಕ್ಕವು ಒಂದೇ ಸಂಗಾತಿಯೊಡನೆ ಬಾಳುವುವೆಂದು ಬರೆದನು. 1984ರಲ್ಲಿ ಅಲೆಕ್ ಜೆಫ್ರೀಸನು ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದನು; 1987ರಲ್ಲಿ ಅದನ್ನು ಮನೆಗುಬ್ಬಿಗಳಿಗೆ ಅನ್ವಯಿಸಲಾಯಿತು. ಒಂದು ತೊಟ್ಟು ರಕ್ತವು ವರ್ಷಗಳ ವೀಕ್ಷಣೆ ಹೇಳದುದನ್ನು ಹೇಳಿತು. 2002ರ ಸಮೀಕ್ಷೆಯೊಂದರಂತೆ, ಜೋಡಿಯಾಗಿ ಬಾಳುವ ಹಕ್ಕಿಗಳಲ್ಲಿ ಸರಾಸರಿ ನೂರಕ್ಕೆ 11ಕ್ಕಿಂತ ಹೆಚ್ಚು ಮರಿಗಳ ತಂದೆ ಗೂಡಿನ ಗಂಡಲ್ಲ; ಗುಬ್ಬಿವರ್ಗದಲ್ಲಿ ಪರೀಕ್ಷೆಗೊಳಗಾದ ಜಾತಿಗಳ ಪೈಕಿ ವಂಶದ ದೃಷ್ಟಿಯಿಂದಲೂ ಏಕನಿಷ್ಠವಾದುವು ನೂರಕ್ಕೆ 14 ಮಾತ್ರ.

ಇದರಿಂದ ಹೆಣ್ಣಿಗೆ ಲಾಭವೇನು? ಸ್ವೀಡನ್ನಿನ ಸರೋವರವೊಂದರ ಆಪುಹುಲ್ಲಿನಲ್ಲಿ ವಾಸಿಸುವ ಉಲಿಯಕ್ಕಿಯೊಂದನ್ನು ಕುರಿತು 1996ರಲ್ಲಿ ಪ್ರಕಟವಾದ ಸಂಶೋಧನೆ ಇಲ್ಲಿ ಉಲ್ಲೇಖನೀಯ. ಹೆಣ್ಣುಗಳು ಗೂಡಿನ ಹೊರಗೆ ಆರಿಸಿದ ಗಂಡುಗಳು ತಮ್ಮ ಜೋಡಿಗಿಂತ ಹೆಚ್ಚು ಬಗೆಯ ಹಾಡುಗಳನ್ನು ಬಲ್ಲವಾಗಿದ್ದುವು. ಅಂತಹ ತಂದೆಗಳ ಮರಿಗಳು ಹೆಚ್ಚಾಗಿ ಬದುಕುಳಿದುವು. ಹಾಡು ಒಳ್ಳೆಯ ಆನುವಂಶಿಕ ಗುಣದ ಕುರುಹಾಗಿರಬಹುದೆಂಬ ಊಹೆಗೆ ಇದು ಬಲವಾದ ಆಧಾರ. ಆದರೆ ಬೇರೆ ಹಲವು ಜಾತಿಗಳಲ್ಲಿ ಇಂತಹ ಲಾಭ ಸಿದ್ಧಪಡಲಿಲ್ಲವಾದುದರಿಂದ, ಒಂದು ಸರೋವರದ ಫಲಿತಾಂಶವನ್ನು ಸರ್ವತ್ರ ನಿಯಮವೆಂದು ಭಾವಿಸುವುದು ಯುಕ್ತವಲ್ಲ. ಹಕ್ಕಿಗಳ ನಡತೆಗೆ ಮನುಷ್ಯರ ಶೀಲದ ಮಾತುಗಳನ್ನು ಆರೋಪಿಸುವುದಂತೂ ಸಲ್ಲದು.

ಚರಿತ್ರೆಯ ವಿದ್ಯಾರ್ಥಿಗೆ ಈ ವೃತ್ತಾಂತ ಪರಕೀಯವಲ್ಲ. ಸಲೀಂ ಅಲಿಯವರ ಏಣಿಯ ಮೇಲಣ ಸಾಕ್ಷ್ಯ, ಯಾವ ಹೆಣ್ಣು ಯಾವ ಗೂಡನ್ನು ಒಪ್ಪಿತೆಂಬುದಕ್ಕೆ ಇಂದಿಗೂ ಪ್ರಮಾಣ. ಮರಿಯ ತಂದೆ ಯಾರೆಂಬುದಕ್ಕೆ ಅದು ಪ್ರಮಾಣವಾಗಲಾರದು. ರಕ್ತದ ಸಾಕ್ಷ್ಯವಾದರೋ ತಂದೆಯನ್ನು ತೋರಿಸಬಲ್ಲುದು; ಗೂಡನ್ನು ಹೆಣೆದವರನ್ನಾಗಲಿ ಮರಿಗೆ ಗುಟುಕು ಕೊಟ್ಟವರನ್ನಾಗಲಿ ತೋರಿಸಲಾರದು. ಒಂದು ಪ್ರಶ್ನೆಗೆ ಯೋಗ್ಯವಾದ ಆಧಾರವನ್ನು ಇನ್ನೊಂದು ಪ್ರಶ್ನೆಗೆ ಹೊರಿಸಿದುದೇ ಅರ್ಧ ಶತಮಾನದ ತಪ್ಪಿಗೆ ಕಾರಣವಾಯಿತು. ರಾಜವಂಶಾವಳಿಗಳನ್ನೂ ಶಾಸನಗಳ ಪ್ರಶಸ್ತಿಗಳನ್ನೂ ಓದುವ ನಮಗೆ ಈ ಎಚ್ಚರ ನಿತ್ಯವೂ ಅವಶ್ಯ. ಅಲ್ಲಿಯೂ ಘೋಷಿಸಿಕೊಂಡವನ ಹೆಸರು ಉಳಿಯುತ್ತದೆ. ಮೌನವಾಗಿ ನಿರ್ಣಯಿಸಿದವರ ಗುರುತನ್ನು, ಕೊಳವೆಯಿಲ್ಲದ ಗೂಡಿನಿಂದ ಹೆಣ್ಣುಹಕ್ಕಿಯ ತೀರ್ಪನ್ನು ತಿಳಿಯುವಂತೆ, ಅರ್ಧಕ್ಕೆ ನಿಂತ ವಸ್ತುಗಳಿಂದಲೇ ಊಹಿಸಬೇಕಾಗುತ್ತದೆ.